ಸಾಕಿದರೆ 90, ಬಿಟ್ಟರೆ 50

ನಾಯಿ ಸಾಕಬೇಕು ಅನ್ನುವ ಆಸೆ ಬಂದವರು ಮೊದಲು ಲೆಕ್ಕ ಕಲಿಯಬೇಕು. ಪ್ರೀತಿ ಗೀತಿ ಎಲ್ಲ ಆಮೇಲೆ.

ಕಾರವಾರದ ಯಾವುದಾದರೂ ಅಂಗಡಿಯಲ್ಲಿ ತೆರಿಗೆ ಬಿಟ್ಟು 500 ರೂಪಾಯಿ ಬೆಲೆಯ ನಾಯಿ ತಿಂಡಿಯ ಚೀಲ ತಗೊಳ್ಳಿ. ಅದರ ಮೇಲೆ ಜಿಎಸ್‌ಟಿ ಶೇಕಡಾ 18, ಅಂದರೆ 90 ರೂಪಾಯಿ. ಒಂದು ಮೂಕ ಪ್ರಾಣಿಗೆ ಊಟ ಹಾಕಿದ ತಪ್ಪಿಗೆ ನೀವು ಕಟ್ಟುವ ಹಣ ಇದು. ಈಗ ಅದೇ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟಕ್ಕೆ ಹೋಗಿ. ಒಳ್ಳೆ ತಿರುವು ನೋಡಿ ಇಳಿಸಿ. ಅದು ಮರದ ಬುಡ ಮೂಸುವುದರೊಳಗೆ ಗಾಜು ಏರಿಸಿಕೊಂಡು ಬಂದುಬಿಡಿ. ಸಿಕ್ಕಿಬಿದ್ದರೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಇದಕ್ಕೂ ಜಾಗ ಇದೆ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ಸಲದ ದಂಡ 10 ರೂಪಾಯಿಗೆ ಕಮ್ಮಿ ಇಲ್ಲ, 50 ರೂಪಾಯಿಗೆ ಜಾಸ್ತಿ ಇಲ್ಲ.

ಸಾಕಿದವನಿಗೆ 90. ಬಿಟ್ಟವನಿಗೆ 50. ಉಳಿದ 40 ರೂಪಾಯಿಯಲ್ಲಿ ವಾಪಸ್ ಬರುವಾಗ ಕುಮಟಾದಲ್ಲಿ ಇಳಿದು ಚಹಾ ಕುಡಿಯಬಹುದು.

ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ವಲ್ಪ ತಾಳ್ಮೆಯಿಂದ ಮೂರು ವರ್ಷ ಕಾದು ಬಿಟ್ಟಿರೋ, ಮತ್ತೆ ಮೊದಲಿನ ದರವೇ. ಹಳೆ ಗಿರಾಕಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಕಾಯ್ದೆ ಇನ್ನೊಂದು ಇದೆಯೋ ಇಲ್ಲವೋ.

1960ರಲ್ಲಿ 50 ರೂಪಾಯಿ ದೊಡ್ಡ ಮೊತ್ತವೇ, ಒಪ್ಪೋಣ. ಆಗ ಕಾರವಾರ ಮೈಸೂರು ರಾಜ್ಯದಲ್ಲಿತ್ತು. ಗಡಿಯ ಮಾಜಾಳಿ ದಾಟಿದರೆ ಗೋವಾ, ಪೋರ್ಚುಗೀಸರ ಆಳ್ವಿಕೆ. ಆಮೇಲೆ ಪೋರ್ಚುಗೀಸರು ಹೋದರು. ಮೈಸೂರು ಕರ್ನಾಟಕವಾಯಿತು. ಕೊಂಕಣ ರೈಲು ಬಂತು, ಸೀಬರ್ಡ್ ನೌಕಾನೆಲೆ ಬಂತು. ಆ 50 ರೂಪಾಯಿ ಮಾತ್ರ ನಿಂತಲ್ಲೇ ನಿಂತಿದೆ.

ತೆರಿಗೆ ವಿಷಯದಲ್ಲಿ ಹಾಗಿಲ್ಲ, ಅಲ್ಲಿ ಸರ್ಕಾರದ ಕಣ್ಣು ಬಹಳ ಚುರುಕು. ದನದ ಆಹಾರಕ್ಕೆ ಜಿಎಸ್‌ಟಿ ಇಲ್ಲ. ಕೋಳಿ ಆಹಾರಕ್ಕೆ ಇಲ್ಲ. ಸಿಗಡಿ ಕೆರೆಗೆ ಹಾಕುವ ಆಹಾರಕ್ಕೂ ಇಲ್ಲ. ದನ ಹಾಲು ಕೊಡುತ್ತದೆ, ಕೋಳಿ ಸಾರಾಗುತ್ತದೆ, ಸಿಗಡಿ ಹಡಗು ಹತ್ತಿ ಹೋಗಿ ಡಾಲರ್ ತರುತ್ತದೆ. ನಾಯಿ ಏನು ಕೊಡುತ್ತದೆ? ಬಾಲ ಅಲ್ಲಾಡಿಸುತ್ತದೆ. ಅದಕ್ಕೇ 18. 2025ರ ಸೆಪ್ಟೆಂಬರ್‌ನಲ್ಲಿ ದರ ಬದಲಾದಾಗ ನಾವು ತಿನ್ನುವ ಬಿಸ್ಕತ್ತು 18ರಿಂದ 5ಕ್ಕೆ ಇಳಿಯಿತು. ಎಸಿ 28ರಿಂದ 18ಕ್ಕೆ ಬಂತು. ನಾಯಿ ತಿಂಡಿ ಕದಲಲಿಲ್ಲ. ಈಗ ಎಸಿ ಬಂದು ಅದರ ಪಕ್ಕದಲ್ಲಿ ಕೂತಿದೆ. ಪಾರ್ಲೆ-ಜಿ ನಾಯಿಯ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಡಾಕ್ಟರು ಎಷ್ಟೇ ಹೇಳಲಿ, ಅದನ್ನೇ ಹಾಕಿ ಅಂತ ತೆರಿಗೆ ಪಟ್ಟಿ ಹೇಳುತ್ತಿದೆ.

ಎಸಿ ಪಕ್ಕ ಕೂರಿಸಿದ್ದೂ ಒಂದು ಲೆಕ್ಕದಲ್ಲಿ ಸರಿಯೇ. ನಮ್ಮಲ್ಲಿ ಹಸ್ಕಿ ಸಾಕುವವರಿಗೆ ಎರಡೂ ಒಟ್ಟಿಗೇ ಬೇಕು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಜಾತಿ ಅದು. ಮೇ ತಿಂಗಳಲ್ಲಿ ಕಾರವಾರದ ಕಾಜುಬಾಗದ ಬಾಡಿಗೆ ಮನೆಯ ನೆಲಕ್ಕೆ ಹೊಟ್ಟೆ ಹಚ್ಚಿ ನಾಲಿಗೆ ಚಾಚಿ ಮಲಗಿದರೆ, ಮನೆಯವರು ‘ಎಷ್ಟು ಕ್ಯೂಟ್ ಅಲ್ವಾ’ ಅಂತ ರೀಲ್ಸ್ ಮಾಡುತ್ತಾರೆ. ಮರಿ ತರಲು ಕಂತಿನ ಸಾಲ ಸಿಗುತ್ತದೆ, ಇಂಜೆಕ್ಷನ್‌ಗೆ ದುಡ್ಡು ಇರುವುದಿಲ್ಲ. ಕರೆಂಟ್ ಬಿಲ್ಲು ಬಂದ ತಿಂಗಳು ಘಟ್ಟದ ನೆನಪಾಗುತ್ತದೆ.

ಕಡಿಮೆ ಖರ್ಚಿನಲ್ಲಿ ಸಾಕುವುದು ನಮ್ಮ ಕರಾವಳಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಒಂದು ಊರ ನಾಯಿ. ಅನ್ನದ ಜೊತೆ ಬೇಯಿಸಿದ ಬಂಗಡೆ ತಲೆ, ಮುಳ್ಳು ತೆಗೆದದ್ದು, ಖಾರ ಈರುಳ್ಳಿ ಹಾಕದ್ದು. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಚುಚ್ಚುಮದ್ದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28, ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಶಿಬಿರ ನಡೆಯುವುದುಂಟು. ಶಿಬಿರ ಎಲ್ಲಿದೆ ಅಂತ ಹುಡುಕುವ ಕಷ್ಟವೂ ಇಲ್ಲ. ದೊಡ್ಡ ಬ್ಯಾನರ್ ನೋಡಿ. ಅದರ ತುಂಬ ಕೈ ಮುಗಿದು ನಿಂತ ಮುಖಗಳಿರುತ್ತವೆ, ಒಂದೂ ನಾಯಿಯದ್ದಲ್ಲ.

ಕಾಲು ಮುರಿದುಕೊಂಡರೆ ಮಾತ್ರ ಕಷ್ಟ. ಮನುಷ್ಯರಿಗೇ ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ಕೂಗಿ ಗಂಟಲು ಒಣಗಿಸಿಕೊಂಡ ಜಿಲ್ಲೆ ನಮ್ಮದು. ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಆ್ಯಂಬುಲೆನ್ಸ್ ಓಡುತ್ತಲೇ ಇದೆ. ನಾಯಿ ಈ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಅಂತ ಕೇಳುವ ಧೈರ್ಯ ಯಾರಿಗಿದೆ?

ಬೆಕ್ಕಿನ ವ್ಯವಹಾರ ಇನ್ನೂ ಸಲೀಸು. ಅದಕ್ಕೆ ಘಟ್ಟ ಹತ್ತುವ ಪೆಟ್ರೋಲೂ ಬೇಡ. ಬೆಳಗಿನ ಜಾವ ಗೋಣಿಚೀಲದಲ್ಲಿ ಮರಿಗಳನ್ನು ಹಾಕಿಕೊಂಡು ಮೀನು ಪೇಟೆಗೆ ಬಂದರೆ ಆಯಿತು. ಬಿಡುವವರ ಮುಖದಲ್ಲಿ ಅನ್ನದಾನ ಮಾಡಿದ ಕಳೆ.

“ಅಕ್ಕಾ, ಇಲ್ಲಿ ಇವಕ್ಕೆ ಊಟಕ್ಕೇನು ಕಮ್ಮಿ? ಮನೆಯಲ್ಲಿ ಬರೀ ಹಾಲು ಅನ್ನ.”

“ಹೌದೋ ತಮಾ. ಜೂನ್ ತಿಂಗಳು ಬೋಟು ನಿಂತ ಮೇಲೆ ನೀ ಬಂದು ಹಾಕ್ತ್ಯಾ?”

ತಮ್ಮ ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಮಾಡಿರುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಟ್ಟು ಮರಿ ಮಾಡಲಿ ಅಂತ ಈ ರಜೆ. ಬೆಕ್ಕಿಗೆ ಅಂಥ ರಜೆ ಯಾರೂ ಕೊಟ್ಟಿಲ್ಲ, ಅದು ಮಳೆಯಲ್ಲೂ ಮರಿ ಹಾಕುತ್ತದೆ. ನಾಡದೋಣಿಯವರು ತಂದ ನಾಲ್ಕು ತಾರ್ಲೆ ಮೀನು ಮನುಷ್ಯರಿಗೇ ಸಾಕಾಗುವುದಿಲ್ಲ. ಪೇಟೆಯ ಬೆಕ್ಕುಗಳು ಮುಚ್ಚಿದ ಕಟ್ಟೆಯ ಮೇಲೆ ಕೂತು ಆಗಸ್ಟ್ ಕಾಯುತ್ತವೆ. ಒಂದು ಹೆಣ್ಣು ಬೆಕ್ಕಿಗೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದರೆ ಇಷ್ಟು ಗೋಣಿಚೀಲ ಖರ್ಚಾಗುತ್ತಿರಲಿಲ್ಲ. ಆದರೆ ಹಾಗೆ ಅಂದರೆ, ‘ಛೇ ಛೇ, ಪಾಪ ಬರುತ್ತದೆ’ ಅನ್ನುತ್ತಾರೆ. ಗೋಣಿಚೀಲಕ್ಕೆ ಪಾಪ ಅಂಟುವುದಿಲ್ಲ.

ಪ್ರಾಣಿಗಳನ್ನು ಮನುಷ್ಯರ ಹಾಗೆ ನೋಡುವ ಜಾಗವೇ ಇಲ್ಲವಾ ಅಂದರೆ, ಇದೆ. ಸರ್ಕಾರಿ ಬಸ್ಸು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳ ಹತ್ತಿರ ಪಂಜರದಲ್ಲಿ ನಾಲ್ಕು ಲವ್ ಬರ್ಡ್ಸ್ ಇದ್ದವು. ಶಕ್ತಿ ಯೋಜನೆಯಲ್ಲಿ ಅಜ್ಜಿ ಫ್ರೀ, ಮೊಮ್ಮಗಳು ಫ್ರೀ. ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್. ಮಕ್ಕಳ ದರ, ನಿಯಮದ ಪ್ರಕಾರವೇ. ಹಕ್ಕಿಗಳಲ್ಲಿ ಹೆಣ್ಣೆಷ್ಟು, ಆಧಾರ್ ಇದೆಯಾ ಅಂತ ಯಾರೂ ವಿಚಾರಿಸಲಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಕಾಯ್ದೆ ತಿದ್ದುವುದು ದೊಡ್ಡವರ ಕೆಲಸ, ಅದಕ್ಕೆ ಕಾಯುವುದು ಬೇಡ. ದೇವಿಮನೆ ಘಟ್ಟದ ಬುಡದಲ್ಲಿ ಒಂದು ಕೌಂಟರ್ ತೆರೆಯಲಿ. ಅಲ್ಲಿ ಪಳಗಿದ ಒಬ್ಬ ಕಂಡಕ್ಟರನ್ನು ಕೂರಿಸಲಿ. ಕಾರು ಬರುತ್ತದೆ, ಹಿಂದಿನ ಸೀಟಿನಿಂದ ಹಸ್ಕಿ ಇಣುಕುತ್ತದೆ.

“ಎಷ್ಟು?”

“ಒಂದು ನಾಯಿ. ಐವತ್ತು.”

ಮಾಲೀಕ ನೂರರ ನೋಟು ಚಾಚುತ್ತಾನೆ.

“ಚಿಲ್ಲರೆ ಇಲ್ಲ ಸ್ವಾಮಿ. ಬಾಕಿ ರಸೀದಿ ಹಿಂದೆ ಬರೆದುಕೊಡ್ತೇನೆ. ಮುಂದಿನ ಸಲ ಇನ್ನೊಂದು ಬಿಡೋಕೆ ಬರ್ತೀರಲ್ಲ, ಅದರಲ್ಲಿ ಮುರ್ಕೊಳ್ಳಿ.”