ಭಾವನವರ ಸೂರ್ಯಾಸ್ತ

ಬಾರ್ಸಿಲೋನಾದಿಂದ ಮರಳಿ ಬಂದು ಚಪ್ಪಲಿಯೊಳಗಿನ ಮರಳು ಇನ್ನೂ ಪೂರ್ತಿ ಉದುರಿಲ್ಲ. ಅಷ್ಟರಲ್ಲೇ ಕುಂಬಳೆ ಪೇಟೆಯಲ್ಲಿ ಸಿಕ್ಕವರೆಲ್ಲ ‘ಅಲ್ಲಿನ ಕಡಲು ಹೇಗಿತ್ತು?’ ಎಂದು ಕೇಳತೊಡಗಿದ್ದಾರೆ. ಕಡಲನ್ನು ನೋಡಿದವರು ಬೇರೆಯವರು, ನಾನು ನೋಡಿದ್ದು ಚೀಲವನ್ನು. ಜೇಬುಗಳ್ಳರ ಕೈಚಳಕಕ್ಕೆ ಹೆಸರಾದ ಆ ತೀರದಲ್ಲಿ ನೀರಿಗಿಳಿಯುವ ಪ್ರತಿಯೊಂದು ಕುಟುಂಬವೂ ತನ್ನಲ್ಲೊಬ್ಬನನ್ನು ದಡದಲ್ಲಿ ಕಾವಲಿಗೆ ಬಿಡಬೇಕಾಗುತ್ತದೆ. ಆ ಒಬ್ಬ ಯಾರು ಎಂಬುದು ಊರಿನಲ್ಲಿ ವಿಮಾನ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ‘ಅವನು ಹೇಗೂ ನೀರಿಗಿಳಿಯುವವನಲ್ಲ’ ಎಂದು ಅಕ್ಕ ನನ್ನ ಪರವಾಗಿ ಹೇಳಿ, ಎಲ್ಲರ ಪಾಸ್‌ಪೋರ್ಟುಗಳಿದ್ದ ಚೀಲವನ್ನು ನನ್ನ ಮಡಿಲಿಗೆ ಹಾಕಿ, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಮೆಡಿಟರೇನಿಯನ್ ಸಮುದ್ರದತ್ತ ನಡೆದೇಬಿಟ್ಟಳು. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಉಬ್ಬರ ಇಳಿತಗಳು ಕಣ್ಣಿಗೆ ಕಾಣುವಷ್ಟೂ ಇಲ್ಲದ ಆ ಶಾಂತ ಜಲರಾಶಿಯನ್ನು ಪರೀಕ್ಷಿಸಿದ ಭಾವನವರು, ‘ಇದು ಕಡಲಲ್ಲ ಮಾರಾಯ, ಕೆರೆ’ ಎಂದು ತೀರ್ಪಿತ್ತರು.

ತಣ್ಣಗಿನ ಡಬ್ಬಿಗಳನ್ನು ಹಿಡಿದು ‘ಆಗ್ವಾ, ಸೆರ್ವೇಸಾ, ಬಿಯರ್’ ಎಂದು ರಾಗವಾಗಿ ಕೂಗುತ್ತ ಮರಳಿನ ಮೇಲೆ ಅಡ್ಡಾಡುವವರಲ್ಲಿ ಅನೇಕರು ಪಂಜಾಬ, ಪಾಕಿಸ್ತಾನ, ಬಾಂಗ್ಲಾದೇಶಗಳ ಕಡೆಯವರು. ಅವರಲ್ಲೊಬ್ಬ ನಮ್ಮ ಮುಖ ನೋಡಿ, ಯಾವ ಊರಿನವರೆಂದು ಹಿಂದಿಯಲ್ಲಿ ವಿಚಾರಿಸಿದ. ಕೇರಳವೆಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಡಿನಾಡಿನ ಕನ್ನಡಿಗ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಿದ್ದುಂಟೆ? ಭಾವನವರು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಆರಂಭಿಸಿ, ನಾವು ಅದಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವೆಂಬುದನ್ನು ತಿಳಿಸಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದ ಮಹಾಜನ ವರದಿಯನ್ನು ತಮ್ಮ ಹರಕು ಹಿಂದಿಯಲ್ಲಿ ವಿವರಿಸತೊಡಗಿದಾಗ, ಆ ಪಾಪದವನು ಡಬ್ಬಿಗಳು ಬಿಸಿಯಾಗುತ್ತಿವೆಯೆಂದು ಹೇಳಿ ಜಾಗ ಖಾಲಿ ಮಾಡಿದ. ವ್ಯಾಪಾರಿಯೇ ಗಿರಾಕಿಯಿಂದ ತಪ್ಪಿಸಿಕೊಂಡು ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದೆ ಉಳಿದದ್ದು ಸೂರ್ಯಾಸ್ತ.

ಆ ತೀರದಲ್ಲಿ ಹೆಂಗಸರೂ ಸೊಂಟದ ಮೇಲೆ ಬಟ್ಟೆಯಿಲ್ಲದೆ ಬಿಸಿಲಿಗೆ ಮಲಗುವುದು ಸಾಮಾನ್ಯವಾದುದರಿಂದ, ಭಾವನವರು ಬಂದ ಗಳಿಗೆಯಲ್ಲೇ ದೃಷ್ಟಿಯನ್ನು ದಿಗಂತಕ್ಕೆ ನೆಟ್ಟಿದ್ದರು. ದಿಗಂತವನ್ನೇ ನೋಡುತ್ತ ಕುಳಿತುಕೊಳ್ಳುವುದಕ್ಕೊಂದು ಕಾರಣ ಬೇಕಲ್ಲ, ‘ಸೂರ್ಯ ಮುಳುಗುವುದನ್ನು ನೋಡಿಯೇ ಏಳುವುದು’ ಎಂದು ಸಾರಿದರು. ನಮ್ಮ ಕಡೆಯವರಿಗೆ ಬೆಟ್ಟ ಇರುವಲ್ಲಿ ಮೂಡು, ಕಡಲು ಇರುವಲ್ಲಿ ಪಡು. ಬೇಕಲ ಕೋಟೆಯ ಗೋಡೆಯ ಮೇಲಿಂದ ಜೀವಮಾನವಿಡೀ ಸೂರ್ಯನನ್ನು ನೀರಿಗೆ ಇಳಿಸಿ ಅಭ್ಯಾಸವಿರುವವರು ಬೇರೆ ವ್ಯವಸ್ಥೆಯನ್ನು ಊಹಿಸುವುದೂ ಕಷ್ಟ. ಬಾರ್ಸಿಲೋನಾದ ಕಡಲಾದರೋ ಇರುವುದು ಆಗ್ನೇಯಕ್ಕೆ. ಅಲ್ಲಿ ಸೂರ್ಯ ಬೆಳಿಗ್ಗೆ ನೀರಿನಿಂದೆದ್ದು ಸಂಜೆ ಊರಿನ ಬೆನ್ನಿಗೆ, ಟಿಬಿಡಾಬೊ ಬೆಟ್ಟದ ಕಡೆಗೆ ಇಳಿಯುತ್ತಾನೆ. ‘ಅಪ್ಪಾ, ಸೂರ್ಯ ಹಿಂದೆ ಇದ್ದಾನೆ’ ಎಂದು, ಎರಡು ವರ್ಷದಿಂದ ಅದೇ ಊರಿನಲ್ಲಿ ಉದ್ಯೋಗದಲ್ಲಿರುವ ಮಗಳು ಹೇಳಿದರೆ, ‘ಕಡಲಿಗೆ ಬೀಳದೆ ಮತ್ತೆಲ್ಲಿಗೆ ಹೋಗುತ್ತಾನೆ? ತಿರುಗಿ ಬರುತ್ತಾನೆ’ ಎಂಬ ಉತ್ತರ ಬಂತು.

ಅದು ಜೂನ್ ತಿಂಗಳ ಕೊನೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಆರು ಗಂಟೆಗೆ ಸಂಜೆಯಾಯಿತೆಂದುಕೊಂಡು ಫೋನಿನ ಕ್ಯಾಮೆರಾ ತೆರೆದು ಕುಳಿತವರು ಏಳಕ್ಕೂ ಹಾಗೆಯೇ ಇದ್ದರು, ಎಂಟಕ್ಕೂ ಹಾಗೆಯೇ ಇದ್ದರು. ಅಕ್ಕ ಊರಿನಿಂದ ತಂದಿದ್ದ ಹಲಸಿನ ಸೋಂಟೆಯ ಪೊಟ್ಟಣ ತಳ ಕಂಡಿತು. ಬಿಸಿಲು ಭಾವನವರ ಬೆನ್ನನ್ನು ಕಾಯಿಸುತ್ತಿತ್ತು, ತಲೆಗೆ ಟವೆಲು ಸುತ್ತಿದ್ದ ಅವರ ನೆರಳು ಅವರೆದುರಿಗೇ ಉದ್ದಕ್ಕೆ ಬಿದ್ದು ನೀರಿನ ಅಂಚನ್ನು ಮುಟ್ಟಿತ್ತು. ಹಸಿದಿದ್ದ ನಾನು, ‘ಭಾವಾ, ನೆರಳು ಯಾವ ಕಡೆಗೆ ಬಿದ್ದಿದೆ ನೋಡಿ’ ಎಂದೆ. ಅವರು ನೆರಳನ್ನು ನೋಡಿ, ನನ್ನನ್ನು ನೋಡಿ, ‘ಅದು ರಸ್ತೆಯ ದೀಪದ್ದು’ ಎಂದರು. ದೀಪಗಳು ಇನ್ನೂ ಹೊತ್ತಿರಲಿಲ್ಲ.

ಆ ದೀರ್ಘ ಪ್ರತೀಕ್ಷೆಯಲ್ಲಿ ಮಗಳು ಹೇಳಿದ ಒಂದು ಸಂಗತಿ ಮಾತ್ರ ನನ್ನನ್ನು ಬಿಟ್ಟಿಲ್ಲ. ನಾವು ಕುಳಿತಿದ್ದಲ್ಲಿಂದ ಉತ್ತರಕ್ಕೆ, ನೀರಿನ ಅಂಚಿನಲ್ಲೇ, ಸೊಮೊರ‍್ರೋಸ್ತ್ರೊ ಎಂಬ ಬಡವರ ಗುಡಿಸಲುಗಳ ಕೇರಿಯಿತ್ತಂತೆ. 1966ರಲ್ಲಿ ಅದನ್ನು ತೆರವುಗೊಳಿಸಲಾಯಿತು. ಅದರಾಚೆಗೆ ಕಾರ್ಖಾನೆಗಳೂ ರೈಲು ಹಳಿಗಳೂ ಇದ್ದವು. 1992ರ ಒಲಿಂಪಿಕ್ಸ್‌ಗಾಗಿ ಅವನ್ನೆಲ್ಲ ಎಬ್ಬಿಸಿ ಈ ಮರಳಿನ ತೀರಗಳನ್ನು ಕಟ್ಟಿದರು. ಈಗಲೂ ಬಿರುಗಾಳಿ ಬೀಸಿದಾಗ ಮರಳು ಕೊಚ್ಚಿಹೋಗುತ್ತದೆ. ನಾವು ಅಲ್ಲಿ ಕುಳಿತಿದ್ದ ಹೊತ್ತಿಗೆ ನಮ್ಮೂರಿನಲ್ಲಿ ಮಳೆಗಾಲ. ಉಪ್ಪಳದಿಂದ ಮಂಜೇಶ್ವರದವರೆಗೆ ಕಡಲು ತೆಂಗಿನಮರಗಳ ಬುಡವನ್ನು ಕೊರೆಯುವ, ಲಾರಿಗಳಲ್ಲಿ ಕಗ್ಗಲ್ಲು ತಂದು ಸುರಿಯುವ ಕಾಲ. ಚಿಕ್ಕಂದಿನಲ್ಲಿ ನಾವು ಓಡಾಡಿದ ಮರಳು ಆ ಕಲ್ಲುಗಳ ಅಡಿಯಲ್ಲಿ ಎಲ್ಲೋ ಇರಬೇಕು, ಇಲ್ಲದೆಯೂ ಇರಬಹುದು.

ಕೊನೆಗೆ ಕತ್ತಲಾಯಿತು, ಕಡಲಿಗೆ ಮಾತ್ರ ಯಾರೂ ಬೀಳಲಿಲ್ಲ. ‘ಮೋಡ ಇತ್ತು’ ಎಂದು ಭಾವನವರು ನಿರ್ಮಲವಾದ ಆಕಾಶದ ಕೆಳಗೆ ಎದ್ದು ನಿಂತರು. ಊಟದ ಹೊತ್ತಿನಲ್ಲೂ ಮುಖ ಅರಳಲಿಲ್ಲ. ಮರುದಿನ ಆರು ಗಂಟೆಗೆ ಮಗಳನ್ನು ಎಬ್ಬಿಸಿಕೊಂಡು ಹೋಗಿ, ಕಡಲಿನಿಂದ ಮೇಲೇಳುತ್ತಿದ್ದ ಸೂರ್ಯನನ್ನು ಎಲ್ಲ ಕೋನಗಳಿಂದ ಸೆರೆಹಿಡಿದು ಬಂದರು. ನಾನು ಹಲ್ಲುಜ್ಜುವಷ್ಟರಲ್ಲಿ ಅದು ‘ಬಾರ್ಸಿಲೋನಾದ ಸೂರ್ಯಾಸ್ತ’ ಎಂಬ ಒಕ್ಕಣೆಯೊಂದಿಗೆ ಮನೆಮಂದಿಯ ವಾಟ್ಸಾಪ್ ಗುಂಪನ್ನು ಸೇರಿತ್ತು. ಮೊದಲ ಪ್ರತಿಕ್ರಿಯೆ ನೀರ್ಚಾಲಿನಲ್ಲಿರುವ ದೊಡ್ಡಪ್ಪನದು: ‘ಬೇಕಲದ್ದಾ? ಅಲ್ಲಿ ಮಳೆ ಬಿಟ್ಟಿತಾ? ಇಲ್ಲಿ ಜೋರಿದೆ.’