ಗೋಮಾಳದಲ್ಲಿ ಗುಂಡಿ ತೋಡುವ ಮುಂಚೆ

ಜೂನ್ ಬಂತೆಂದರೆ ಗೋಮಾಳದ ತುಂಬ ಗುಂಡಿ. ಕಡೂರು, ಅರಸೀಕೆರೆ ಕಡೆಯ ಹುಲ್ಲುಬಯಲನ್ನು "ಖಾಲಿ ಜಾಗ" ಅಂತ ಬರೆದುಕೊಂಡು ಸಸಿ ನೆಡುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ನೆಲಗುಬ್ಬಿ, ಟಿಟ್ಟಿಭ, ಗೌಜಲು ಮೊಟ್ಟೆ ಇಡುವುದೇ ಬಯಲು ನೆಲದಲ್ಲಿ. ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದು ಹುಲ್ಲಿನ ನಡುವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು (ಅಮೃತಮಹಲ್ ತಳಿಯ ದನಕ್ಕೆಂದು ಬಿಟ್ಟ ಹುಲ್ಲುಗಾವಲು) 2011ರಲ್ಲಿ ಸಂರಕ್ಷಣಾ ಮೀಸಲು ಆಯಿತು. ಅಲ್ಲಿ ಕೃಷ್ಣಮೃಗ ಉಳಿದಿರುವುದು ಹುಲ್ಲು ಇರುವುದರಿಂದ. ಅಂಥ ಕಡೆ ಮರ ದಟ್ಟವಾದರೆ ನೆರಳಿಗೆ ಹುಲ್ಲು ಸಾಯುತ್ತೆ, ಕೊಂಬೆ ಮೇಲೆ ಕೂತ ಕಾಗೆಗೆ ಕೆಳಗಿನ ಮೊಟ್ಟೆ ಸಲೀಸಾಗಿ ಕಾಣುತ್ತೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಜಾಗದಲ್ಲಿ ಏನಿದೆ ಅಂತ ನೋಡಿ.

ಕಾಗದದಿಂದ ಶುರು ಮಾಡಿ: ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಗ್ರಾಮ ನಕಾಶೆ. ಗೋಮಾಳವೋ, ಗುಂಡುತೋಪೋ, ಕೆರೆ ಅಂಗಳವೋ, ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಕಾಡೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯೋ ತಿಳಿಯಬೇಕು. ಆ ಸರ್ವೆ ನಂಬರಿನ ಮೇಲೆ ನಮೂನೆ 50, 53, 57ರ ಬಗರ್‌ಹುಕುಂ ಅರ್ಜಿ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿ ಅನ್ನುವ ಕೋರಿಕೆ) ಇದ್ದರಂತೂ ನೀವು ನೆಟ್ಟ ಗುರುತಿನ ಕಲ್ಲು ಬೆಳಗಾಗುವುದರೊಳಗೆ ಮಾಯ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ 2002ರ ಜೀವವೈವಿಧ್ಯ ಕಾಯ್ದೆಯಂತೆ ಇರಲೇಬೇಕು. ಅವರ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿಗಳ ಪಟ್ಟಿ, ಕೇಳಿ ಓದಿ. ಬಹಳ ಕಡೆ ಅದು ಪಕ್ಕದೂರಿನ ಪಟ್ಟಿಯ ನಕಲು, ಆ ಮಾತು ಬೇರೆ.

ಆಮೇಲೆ ನೆಲ. 100 ಮೀಟರ್ ಹಗ್ಗ ಎಳೆದು, ಪ್ರತಿ 10 ಮೀಟರಿಗೊಮ್ಮೆ 1 ಮೀಟರ್ ಚೌಕದ ಚೌಕಟ್ಟು ಇಡಿ. ಅದರೊಳಗೆ ಹುಲ್ಲು ಎಷ್ಟು ಪಾಲು, ಬರಿ ಮಣ್ಣು ಎಷ್ಟು, ಲಂಟಾನ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ ಎಷ್ಟು ಬರೆದುಕೊಳ್ಳಿ. ದಿಬ್ಬ, ತಗ್ಗು, ಹಳ್ಳದ ದಂಡೆಗೆ ಬೇರೆಬೇರೆ ಹಗ್ಗ, ಇಲ್ಲದಿದ್ದರೆ ಸರಾಸರಿಯಲ್ಲಿ ಎಲ್ಲ ಕಲಸಿಹೋಗುತ್ತೆ. ನೀರು ಇಂಗುವುದನ್ನು ನೋಡಲು 6 ಇಂಚು ಅಗಲದ ಪೈಪಿನ ತುಂಡನ್ನು 3 ಇಂಚು ನೆಲಕ್ಕೆ ಬಡಿದು 450 ಮಿ.ಲೀ. ನೀರು ಸುರಿಯಿರಿ, ಅಂದರೆ ಒಂದಿಂಚು ಮಳೆ. ಮೊದಲ ಸಲದ್ದು ಬರೀ ಮಣ್ಣು ನೆನೆಸಲಿಕ್ಕೆ. ಎರಡನೇ ಸಲ ಸುರಿದದ್ದು ಇಂಗಲು ಹಿಡಿದ ನಿಮಿಷವನ್ನೇ ಲೆಕ್ಕಕ್ಕೆ ಹಿಡಿಯಿರಿ. ದನ ನಿಲ್ಲುವ ಜಾಗಕ್ಕೂ ಹುಲ್ಲಿನ ಬುಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ರಾಚುತ್ತೆ.

ದೊಡ್ಡ ಎಡವಟ್ಟು ಆಗುವುದು ಮೇ ತಿಂಗಳಲ್ಲಿ ಒಂದೇ ಸಲ ನೋಡಿ ವರದಿ ಬರೆಯುವುದರಿಂದ. ಆಗ ಮೇದು ಸವೆದ ಹುಲ್ಲಿನ ಬುಡ ಸತ್ತಂತೆ ಕಾಣುತ್ತೆ, ಉಗುರಿನಿಂದ ಕೆರೆದರೆ ಒಳಗೆ ಹಸಿರಿರುತ್ತೆ. ಒಂದು ವರ್ಷ ಬಾಳುವ ಗಿಡಗಳ ಸುಳಿವೇ ಇರಲ್ಲ. ಮೇ, ಆಗಸ್ಟ್, ನವೆಂಬರ್, ಜನವರಿ, ನಾಲ್ಕೂ ಸಲ ಅದೇ ಚೌಕದ ಹತ್ತಿರ ಅದೇ ದಿಕ್ಕಿಗೆ ಫೋಟೊ ತೆಗೆಯಿರಿ. ಹಕ್ಕಿ ಎಣಿಕೆ ಸೂರ್ಯ ಹುಟ್ಟಿದ ಎರಡು ಗಂಟೆಯೊಳಗೆ.

ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟುವ ಮಳೆ, ಅರಸೀಕೆರೆಯಲ್ಲಿ 600–700. ಹುಲ್ಲುಬಯಲು ಬಿಟ್ಟು ಬೇರೆ ಕಡೆ ಸಸಿ ನೆಡುವುದಾದರೂ ಅಲ್ಲಿಯ ಸಸಿ ಪಟ್ಟಿ ಇಲ್ಲಿಗೆ ಬೇಡ.

ಬೇಲಿ ಹಾಕಿ ದನ ಪೂರ್ತಿ ತಡೆಯುವುದನ್ನೂ ನಾನು ಒಪ್ಪಲ್ಲ. ಎರಡು ಮೂರು ವರ್ಷದಲ್ಲಿ ಹುಲ್ಲು ಒಣಗಿ ಕೊಳೆತು, ಸಂದಿಯಲ್ಲಿ ಲಂಟಾನ ಏಳುತ್ತೆ, ಬೇಸಿಗೆಯಲ್ಲಿ ಬೆಂಕಿಗೆ ಮೇವಾಗುತ್ತೆ. ಜಾಗವನ್ನು ನಾಲ್ಕು ಭಾಗ ಮಾಡಿ, ವರ್ಷಕ್ಕೊಂದು ಭಾಗವನ್ನು ಜೂನಿನಿಂದ ಬೀಜ ಉದುರುವ ತನಕ ಮೇಯಿಸದೆ ಬಿಟ್ಟರೆ ಸಾಕು. ಇದನ್ನು ದನ ಕಾಯುವವರ ಜೊತೆ ಕೂತು ಗೊತ್ತುಮಾಡಿ. ಅವರನ್ನು ಬಿಟ್ಟು ಮಾಡಿದ ಯೋಜನೆ ನಿಲ್ಲಲ್ಲ.

ಲಂಟಾನವನ್ನು ಜೆಸಿಬಿಯಲ್ಲಿ ಕೀಳಿಸಬೇಡಿ, ಕೆದಕಿದ ಮಣ್ಣಿನಲ್ಲಿ ಮೊದಲು ಏಳುವುದು ಕಾಂಗ್ರೆಸ್ ಗಿಡ. ಕಾಯಿ ಕಟ್ಟುವ ಮೊದಲೇ, ಬುಡದ ತಾಯಿಬೇರನ್ನು ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ಗುದ್ದಲಿಯಿಂದ ಕತ್ತರಿಸಿ, ಗಿಡವನ್ನು ಬೇರು ಮೇಲಾಗಿ ತಲೆಕೆಳಗೆ ಇಡಬೇಕು. ನೆಲಮಟ್ಟದಲ್ಲಿ ಕೊಚ್ಚಿದರೆ ಒಂದು ಕೊಂಬೆಗೆ ಹತ್ತು ಚಿಗುರುತ್ತೆ. ತೆರವಾದ ಜಾಗಕ್ಕೆ ಅದೇ ಬಯಲಿನ, ತೆನೆ ಮಾಗಿದ ಹುಲ್ಲನ್ನು ಕೊಯ್ದು ಹರಡಿ. ಹಕ್ಕಿ ಕೂರುವ ಮರದ ಕೆಳಗೆ ಹಿಕ್ಕೆಯಿಂದ ಲಂಟಾನ ಮತ್ತೆ ಮೊಳೆಯುತ್ತೆ, ಮುಂದಿನ ಎರಡು ಮೂರು ಮಳೆಗಾಲ ಅಲ್ಲಿ ಕೈಯಿಂದ ಕೀಳಲೇಬೇಕು. ಆ ಕೂಲಿ ಸೇರಿಸದ ಅಂದಾಜುಪಟ್ಟಿಯನ್ನು ಗ್ರಾಮಸಭೆಯಲ್ಲಿ ಒಪ್ಪಬೇಡಿ.