ಗುರುವಾರದೊಳಗೆ ಒಂದು ನಾವೀನ್ಯ ಬೇಕಾಗಿದೆ

ಭಾನುವಾರ ಬೆಳಿಗ್ಗೆ ಫೋನ್ ಬಂತು. ಆ ಕಡೆ ನನ್ನ ಹಳೇ ಸಹೋದ್ಯೋಗಿ, ಪ್ರೈಮರಿ ಶಾಲೆಯ ಮೇಷ್ಟ್ರು. ದನಿಯಲ್ಲಿ ಗಾಬರಿ. ಯಾರಿಗೋ ಏನೋ ಆಯಿತು ಅಂದುಕೊಂಡೆ.

"ಸಾರ್, ಅರ್ಜೆಂಟಾಗಿ ಒಂದು ನಾವೀನ್ಯ ಬೇಕಿತ್ತು. ಗುರುವಾರ ಲಾಸ್ಟ್ ಡೇಟು."

ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಹಾಕುತ್ತಿದ್ದಾರಂತೆ. 'ತರಗತಿಯಲ್ಲಿ ಕೈಗೊಂಡ ನಾವೀನ್ಯಯುತ ಚಟುವಟಿಕೆ' ಅನ್ನುವ ಕಾಲಂ ಖಾಲಿ ಉಳಿದಿದೆಯಂತೆ. ನಾನು ರಿಟೈರ್ ಆದ ಕನ್ನಡ ಮೇಷ್ಟ್ರು. ನನ್ನ ಹತ್ತಿರ ನಾವೀನ್ಯ ಸ್ಟಾಕ್ ಇರಲಿಲ್ಲ. ಆದರೆ ವರದಿ ಚೆನ್ನಾಗಿ ಬರೆಯುತ್ತೇನೆ ಅನ್ನುವ ಕೆಟ್ಟ ಹೆಸರು ತಾಲ್ಲೂಕಿನಲ್ಲೆಲ್ಲ ಇದೆ. 'ಸಂತಸದಾಯಕ ಕಲಿಕೆ', 'ಸರ್ವಾಂಗೀಣ ವಿಕಾಸ', 'ಸಮುದಾಯದ ಸಹಭಾಗಿತ್ವ' ಈ ಮೂರನ್ನೂ ಒಂದೇ ವಾಕ್ಯದಲ್ಲಿ ಜಗಳವಾಡದಂತೆ ಕೂರಿಸಬಲ್ಲೆ.

ನಮ್ಮ ದೇಶದಲ್ಲಿ ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ ಶುರುವಾಗಿದ್ದು 1958ರಲ್ಲಿ. ಆಗ ಹೆಸರು ಇಲಾಖೆಯವರ ಕಡೆಯಿಂದ ಹೋಗಬೇಕಿತ್ತು. 2018ರಲ್ಲಿ ನಿಯಮ ಬದಲಾಯಿತು. ಮೇಷ್ಟ್ರು ತಮ್ಮ ಹೆಸರನ್ನು ತಾವೇ ಆನ್‌ಲೈನ್‌ನಲ್ಲಿ ಸೂಚಿಸಿಕೊಳ್ಳಬಹುದು ಅಂತಾಯಿತು. ವಶೀಲಿ ಇಲ್ಲದವರಿಗೂ ದಾರಿಯಾಗಲಿ ಅನ್ನುವ ಒಳ್ಳೆಯ ಉದ್ದೇಶವೇ, ಅನುಮಾನವಿಲ್ಲ. ತನ್ನನ್ನು ತಾನೇ ಬಣ್ಣಿಸಿಕೊಳ್ಳಬಾರದು ಅಂತ ಹನ್ನೆರಡನೇ ಶತಮಾನದಿಂದ ಕೇಳುತ್ತಾ ಬಂದ ನಾಡು ನಮ್ಮದು. ಅದನ್ನು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಸಿದ ಮೇಷ್ಟ್ರು ಸಂಜೆ ತಮ್ಮನ್ನು ಬಣ್ಣಿಸಿಕೊಂಡು ಅಪ್‌ಲೋಡ್ ಮಾಡಬೇಕು. ಜೊತೆಗೆ ವರದಿ, ದಾಖಲೆ, ಫೋಟೊ, ಆಡಿಯೊ, ವಿಡಿಯೊ ಎಲ್ಲ ಸೇರಿಸಿದ ಪೋರ್ಟ್‌ಫೋಲಿಯೊ. ಗೆದ್ದರೆ ಬೆಳ್ಳಿ ಪದಕ, ಪ್ರಮಾಣಪತ್ರ, 50 ಸಾವಿರ ರೂಪಾಯಿ.

ನಮ್ಮ ಮೇಷ್ಟ್ರಿಗೆ ದೆಹಲಿಯ ಆಸೆ ಇರಲಿಲ್ಲ. "ತಾಲ್ಲೂಕು ಮಟ್ಟ ಸಾಕು ಸಾರ್" ಅಂದರು. ಆದರೆ ದೆಹಲಿಯಲ್ಲಿ ಮಳೆ ಬಂದರೆ ತಾಲ್ಲೂಕಿನಲ್ಲಿ ಕೊಡೆ ಬಿಚ್ಚುವವರು ನಾವು. ಇಲ್ಲೂ ಫೈಲ್ ಬೇಕು, ಫೋಟೊ ಬೇಕು, ನಾವೀನ್ಯ ಬೇಕೇ ಬೇಕು.

ಸೋಮವಾರ ಅವರ ಶಾಲೆಗೆ ಹೋದೆ. ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು ಹತ್ತೊಂಬತ್ತು ಮಕ್ಕಳು, ಒಬ್ಬರೇ ಮೇಷ್ಟ್ರು. ಇದೇನೂ ಅಪರೂಪವಲ್ಲ. 2024-25ರ ಸರ್ಕಾರಿ ಲೆಕ್ಕದ ಪ್ರಕಾರವೇ ದೇಶದಲ್ಲಿ ಇಂಥ ಏಕೋಪಾಧ್ಯಾಯ ಶಾಲೆಗಳು ಒಂದು ಲಕ್ಷಕ್ಕೂ ಜಾಸ್ತಿ ಇವೆ.

ನಾನು ಹೋದಾಗ ಮೇಷ್ಟ್ರು ಬಿಸಿಯೂಟದ ಅಕ್ಕಿಯ ಲೆಕ್ಕ ಬರೆಯುತ್ತಿದ್ದರು. ಒಳಗೆ ಗದ್ದಲ ಇರಲಿಲ್ಲ. ಇಣುಕಿ ನೋಡಿದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಒಂದನೇ ಕ್ಲಾಸಿನ ಪುಟಾಣಿಯ ಬೆರಳು ಹಿಡಿದು ಮರಳಿನ ತಟ್ಟೆಯಲ್ಲಿ 'ಗ' ತಿದ್ದಿಸುತ್ತಿದ್ದಳು. ನಾಲ್ಕನೇ ಕ್ಲಾಸಿನವರು ಮೂರನೆಯವರ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಯಾರು ಯಾರಿಗೆ ಕಲಿಸಬೇಕು, ಯಾವ ಹೊತ್ತಿಗೆ ಜೋಡಿ ಬದಲಾಗಬೇಕು ಅಂತ ಮೇಷ್ಟ್ರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ವರ್ಷಗಳಿಂದ ಹೀಗೇ ನಡೆದಿದೆಯಂತೆ. ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಮೀಟಿಂಗಿಗೆ ಹೋದ ದಿನವೂ ಇದು ನಿಲ್ಲುವುದಿಲ್ಲವಂತೆ.

"ಇದನ್ನೇ ಬರೆಯೋಣವಲ್ಲ ಮೇಷ್ಟ್ರೇ" ಅಂದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಇದು ಪಾಠ ಸಾರ್. ನಾವೀನ್ಯ ಅಲ್ಲ. ಫೋಟೊದಲ್ಲಿ ಏನು ಕಾಣುತ್ತೆ? ಮಕ್ಕಳು ಸುಮ್ನೆ ಕೂತಿರೋ ಹಾಗೆ ಕಾಣುತ್ತೆ."

ಮಾತು ಸರಿಯಾಗಿತ್ತು. ನಾನು ಬಾಯಿ ಮುಚ್ಚಿದೆ.

ಮಂಗಳವಾರ 'ಗಣಿತ ವೃಕ್ಷ' ಹುಟ್ಟಿತು. ಆವರಣದಲ್ಲಿ ಬಿದ್ದಿದ್ದ ಒಣಕೊಂಬೆಯನ್ನು ಡಬ್ಬದಲ್ಲಿ ನಿಲ್ಲಿಸಿ, ಥರ್ಮಾಕೋಲಿನ ಎಲೆಗಳಿಗೆ ಅಂಕಿ ಬರೆದು ನೇತುಹಾಕಿದರು. ಬುಡಕ್ಕೆ ಬಣ್ಣದ ಕಾಗದ. ಹಿಂದುಗಡೆ ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಗಣಿತ ವೃಕ್ಷ ಅನ್ನುವ ಹೆಸರು ಚಿಕ್ಕದಾಗಿತ್ತು, ಮೇಷ್ಟ್ರ ಮುಖ ದೊಡ್ಡದಾಗಿತ್ತು. ನಾಲ್ಕು ಮತ್ತು ಐದನೇ ಕ್ಲಾಸಿನ ಏಳು ಮಕ್ಕಳನ್ನು ಸುತ್ತ ನಿಲ್ಲಿಸಿದರು.

"ಆಶ್ಚರ್ಯ ಪಡ್ರೋ!"

ಮಕ್ಕಳು ನೆಟ್ಟಗೆ ನಿಂತರು. ಗಣರಾಜ್ಯೋತ್ಸವದ ಮುಖ. ಮತ್ತೊಮ್ಮೆ ಹೇಳಿದರು. ಒಬ್ಬ ಬಾಯಿ ತೆರೆದ, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗಿತ್ತು. ಹನ್ನೊಂದು ಫೋಟೊ ಹಾಳಾದವು. ಅಷ್ಟರಲ್ಲಿ ಫ್ಲೆಕ್ಸಿನ ಹಿಂದಿನಿಂದ ಒಂದು ಹಲ್ಲಿ ಹೊರಬಂದು ಗಣಿತ ವೃಕ್ಷದ ಮೇಲೆ ಧೊಪ್ ಅಂತ ಬಿತ್ತು. ಏಳು ಮಕ್ಕಳ ಹದಿನಾಲ್ಕು ಕಣ್ಣುಗಳೂ ಒಟ್ಟಿಗೆ ಅರಳಿದವು. ಆ ಕ್ಷಣಕ್ಕೆ ಸರಿಯಾಗಿ ಮೇಷ್ಟ್ರು ಮೊಬೈಲ್ ಒತ್ತಿದ್ದರು. ಫೈಲಿನ ಮುಖಪುಟಕ್ಕೆ ಅದೇ ಹೋಯಿತು. ಅಡಿಬರಹ ನನ್ನದು: 'ಅಂಕಿಗಳ ಲೋಕಕ್ಕೆ ಬೆರಗಾದ ಪುಟಾಣಿಗಳು'.

ಹಲ್ಲಿಗೆ ಫೈಲಿನಲ್ಲಿ ಎಲ್ಲೂ ಕೃತಜ್ಞತೆ ಹೇಳಿಲ್ಲ. ಅದೊಂದು ನನಗೆ ಈಗಲೂ ಕೊರಗು.

'ಮೊದಲು' ಮತ್ತು 'ನಂತರ' ಅನ್ನುವ ಫೋಟೊಗಳೂ ಬೇಕಿದ್ದವು. ಇವರ ಶಾಲೆಯ ಗೋಡೆಗೆ ಊರಿನವರೇ ಎರಡು ವರ್ಷದ ಹಿಂದೆ ಬಣ್ಣ ಹೊಡೆಸಿದ್ದರಿಂದ 'ಮೊದಲು' ಸಿಗಲಿಲ್ಲ. ಪಕ್ಕದೂರಿನ ಶಾಲೆಯ ಗೋಡೆ ತಕ್ಕಮಟ್ಟಿಗೆ ಹಾಳಾಗಿತ್ತು. ಅಲ್ಲಿಗೆ ಬೈಕಿನಲ್ಲಿ ಹೋಗಿ ತೆಗೆದುಕೊಂಡು ಬಂದೆವು. ಆ ಶಾಲೆಯ ಮೇಷ್ಟ್ರೂ ಅರ್ಜಿ ಹಾಕುತ್ತಿದ್ದರು. ಅವರು ಇವರ ಗೋಡೆಯನ್ನು 'ನಂತರ' ಅಂತ ಕೇಳಿ ಪಡೆದರು.

ಬುಧವಾರ 'ಪರಿಣಾಮ' ಬರೆಯಬೇಕಿತ್ತು. ಶೇಕಡಾವಾರು ಕೇಳಿದ್ದರು. ಮೇಷ್ಟ್ರು ಒಂದು ಕ್ಷಣವೂ ಯೋಚಿಸದೆ "ಮೊದಲು 40, ಈಗ 92" ಅಂದರು.

ನನಗೂ ಗಣಿತ ಅಷ್ಟಕ್ಕಷ್ಟೇ. ಆದರೂ ಬೆರಳು ಮಡಚಿದೆ. ಇರುವುದು ಏಳು ಮಕ್ಕಳು. ಆರು ಮಕ್ಕಳು ಕಲಿತರೆ 85.7 ಆಗುತ್ತದೆ. ಏಳೂ ಕಲಿತರೆ 100. ಸುಮಾರು 92 ಬರಬೇಕಾದರೆ ಆರೂವರೆ ಮಗು ಕಲಿಯಬೇಕು.

"ಮೇಷ್ಟ್ರೇ, ಅರ್ಧ ಮಗು?"

"ನೂರು ಹಾಕಿದರೆ ಅನುಮಾನ ಬರುತ್ತೆ ಸಾರ್. 92 ನಂಬೋ ಹಾಗಿದೆ."

ಆ ಅರ್ಧ ಮಗು ಮುಖ್ಯೋಪಾಧ್ಯಾಯರ ದೃಢೀಕರಣ ಪಡೆಯಿತು. ಮುಖ್ಯೋಪಾಧ್ಯಾಯರೂ ಅವರೇ ಆದ್ದರಿಂದ ತಡವಾಗಲಿಲ್ಲ. ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಹಿ, ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಸಹಿ, ಆಮೇಲೆ ಒಂದು ಸಮಿತಿ. ಗಣಿತದ ಪ್ರಯೋಗದಲ್ಲಿದ್ದ ಆ ಗಣಿತವನ್ನು ಯಾರೂ ಮುಟ್ಟಲಿಲ್ಲ.

ನಿಜವಾದ ನಾವೀನ್ಯ ಇಲ್ಲವೇ ಇಲ್ಲ ಅಂತಲ್ಲ. ಚಿಕ್ಕ ಕ್ಲಾಸಿನ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ನೋಡಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ಮಾಡಿಕೊಂಡರು. ಅದು ರಾಜ್ಯವಿಡೀ ಹರಡಿತು. ಅದಕ್ಕೆ ಗುರುವಾರದ ಲಾಸ್ಟ್ ಡೇಟ್ ಇರಲಿಲ್ಲ ಅಂತ ಕಾಣುತ್ತದೆ.

ಸೊಲ್ಲಾಪುರ ಜಿಲ್ಲೆಯ ಹಳ್ಳಿ ಮೇಷ್ಟ್ರು ರಣಜಿತ್‌ಸಿಂಹ ಡಿಸಾಳೆ ಅವರೂ ಇದ್ದಾರೆ. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿದವರು. 2020ರಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಗೆದ್ದು, ಅರ್ಧ ಹಣವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಜನರಿಗೆ ಹಂಚಿಬಿಟ್ಟರು. 2022ರಲ್ಲಿ ಅದೇ ಮೇಷ್ಟ್ರು ಅಮೆರಿಕದಲ್ಲಿ ಸಂಶೋಧನೆಗೆ ಅಂತ ರಜೆ ಕೇಳಿದಾಗ ತಕರಾರು ಎದ್ದಿತು, ಕೊನೆಗೆ ಮಂತ್ರಿಗಳೇ ನಡುವೆ ಬರಬೇಕಾಯಿತು. ಜಗತ್ತು ಗೆದ್ದರೂ ರಜಾ ಅರ್ಜಿ ಗೆಲ್ಲುವುದು ಬೇರೆ ವಿದ್ಯೆ.

ಬಿಡುವಿನ ವಿಷಯಕ್ಕೆ ಬಂದರೆ, ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಮೇಷ್ಟ್ರಿಗೆ ಪಾಠ ಬಿಟ್ಟು ಬೇರೆ ಕೆಲಸ ಕೊಡಬಾರದು ಅನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟಕ್ಕೆ ಮಾತ್ರ ವಿನಾಯಿತಿ. 2025ರ ದಸರಾ ರಜೆಯಲ್ಲಿ ನಮ್ಮ ಮೇಷ್ಟ್ರು ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಅಂತ ಮೊಬೈಲ್ ಹಿಡಿದು ಮನೆ ಮನೆ ಸುತ್ತಿದರು. ಸಮೀಕ್ಷೆ ಮುಗಿಯಲಿಲ್ಲ ಅಂತ ಶಾಲೆಯ ರಜೆಯನ್ನೇ ಎಳೆದರು. ಕೆಲಸ ಮುಗಿಯದಿದ್ದರೆ ಮಕ್ಕಳಿಗೆ ರಜೆ ಕೊಡುವುದು! ನನ್ನನ್ನು ಕೇಳಿದರೆ ಆ ವರ್ಷದ ನಾವೀನ್ಯ ಪ್ರಶಸ್ತಿ ಅದಕ್ಕೇ ಸಲ್ಲಬೇಕಿತ್ತು.

ಪ್ರಶಸ್ತಿ ಬಂತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಸೆಪ್ಟೆಂಬರ್ 5ರಂದು ತಾಲ್ಲೂಕು ಕೇಂದ್ರದಲ್ಲಿ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಪಕ್ಕದೂರಿನ ಮೇಷ್ಟ್ರಿಗೂ ಬಂತು. ಒಂದೇ ವೇದಿಕೆ, ಒಂದೇ ಪರದೆ. ಪರದೆಯ ಮೇಲೆ ಇಬ್ಬರ ಗೋಡೆಗಳೂ ಒಂದರ ಹಿಂದೆ ಒಂದು ಹಾದುಹೋದವು. ಚಪ್ಪಾಳೆ ಎರಡಕ್ಕೂ ಜೋರಾಗಿಯೇ ಬಿತ್ತು. ಮಂತ್ರಿಗಳು ತಡವಾಗಿ ಬಂದಿದ್ದರಿಂದ ಮೇಷ್ಟ್ರುಗಳು ಮಧ್ಯಾಹ್ನದವರೆಗೆ ಕೈಕಟ್ಟಿ ಕೂತಿದ್ದರು. ಮಕ್ಕಳನ್ನು ಎಷ್ಟು ಹೊತ್ತು ಹಾಗೆ ಕೂರಿಸಬಹುದು ಅನ್ನುವುದು ಅವರಿಗೆ ಆವತ್ತು ಗೊತ್ತಾಗಿರಬೇಕು.

ಮಾರನೆಯ ದಿನ ಫಲಕ ನೋಡಲು ಶಾಲೆಗೆ ಹೋದೆ. ಗಣಿತ ವೃಕ್ಷ ಮೂಲೆಯಲ್ಲಿ ಇರಲಿಲ್ಲ. ಹಿತ್ತಲಿನಲ್ಲಿ ಸದ್ದು ಕೇಳಿತು. ಏಳು ಮಕ್ಕಳೂ ಸೀಬೆ ಮರದ ಕೆಳಗಿದ್ದರು. ಕೊಂಬೆಯ ಎಲೆಗಳೆಲ್ಲ ಉದುರಿ ಅದು ಒಳ್ಳೆಯ ದೋಟಿಯಾಗಿತ್ತು. ಹದಿನಾರು ಕಾಯಿ ಬಿದ್ದಿದ್ದವು. ತಲೆಗೆ ಎರಡರಂತೆ ಹಂಚಿದ್ದರು. ಉಳಿದ ಎರಡನ್ನು ಏಳು ಪಾಲು ಮಾಡುವುದು ಹೇಗೆ ಅಂತ ಮಣ್ಣಿನಲ್ಲಿ ಗೆರೆ ಎಳೆದು ಭಾರೀ ವಾದ ನಡೆದಿತ್ತು. ಒಬ್ಬ ಹುಡುಗ ಪ್ರತಿ ಕಾಯಿಯನ್ನೂ ಏಳು ಹೋಳು ಮಾಡಬೇಕು ಅಂತಿದ್ದ. ಹಾಗಾದರೆ ಒಟ್ಟು ಹದಿನಾಲ್ಕು ಹೋಳು, ಒಬ್ಬೊಬ್ಬರಿಗೆ ಎರಡು ಅಂತ ಇನ್ನೊಬ್ಬಳು ಬಿಡಿಸಿ ಹೇಳುತ್ತಿದ್ದಳು.

ಮೇಷ್ಟ್ರು ನನ್ನ ಹಿಂದೆಯೇ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿದರು. ಕಣ್ಣಲ್ಲಿ ಏನೋ ಹೊಳೆಯಿತು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದರು.

"ಮುಂದಿನ ವರ್ಷ ಜಿಲ್ಲಾ ಮಟ್ಟಕ್ಕೆ ಆಗುತ್ತೆ ಸಾರ್" ಅಂತ ಪಿಸುಗುಟ್ಟಿ, ಜೋರಾಗಿ ಕೂಗಿದರು: "ಲೇ, ಎಲ್ಲ ಕೈಕಟ್ಟಿ ಸಾಲಾಗಿ ನಿಂತ್ಕೊಳ್ರೋ!"